ಮಸಿಕುಡಿಕೆಯೂ ಈರಜ್ಜಿಯ ಸುಣ್ಣವೂ

ಚಟ ಇಲ್ಲದ ಮನುಷ್ಯನನ್ನು ನಂಬಬಾರದು ಎನ್ನುವವನು ನಾನು. ನನ್ನ ಚಟ, ಹಳೆಯ ಕಾಲದ ಪ್ರಯಾಣದ ಮಸಿಕುಡಿಕೆಗಳನ್ನು ಕೂಡಿಹಾಕುವುದು. ಜೇಬಿನಲ್ಲಿಟ್ಟು ಊರೂರು ತಿರುಗಿದರೂ ಮಸಿ ಚೆಲ್ಲದಂತೆ ಬಿಗಿ ಮುಚ್ಚಳವಿರುವ, ಆಮೆ, ಬೂಟು, ಪೀಪಾಯಿ ಎಂದೆಲ್ಲ ವೇಷ ಹಾಕಿಕೊಂಡ ಪುಟಾಣಿ ಕುಡಿಕೆಗಳು. ಚಿತ್ರದುರ್ಗದ ನಮ್ಮ ಮನೆಯ ಶೋಕೇಸಿನಲ್ಲಿ ಮೂವತ್ತೊಂದು ಇವೆ. ಅಲ್ಲಿದ್ದ ಸ್ಟೀಲು ಲೋಟಗಳು ಅಟ್ಟ ಸೇರಿದ ದಿನದಿಂದ ನನ್ನ ಹೆಂಡತಿ ಅವುಗಳ ಧೂಳು ಒರೆಸುವುದಿಲ್ಲ. ಒರೆಸುವವನು ನಾನೇ, ಹೈಸ್ಕೂಲಿನ ನಿವೃತ್ತ ಕನ್ನಡ ಮೇಷ್ಟ್ರು.

ಹೋದ ತಿಂಗಳು ಹರಿಯಬ್ಬೆಯಲ್ಲಿ ಹಳೆಯ ಸಹೋದ್ಯೋಗಿಯ ಮನೆಗೆ ಹೋದಾಗ, ಜೀವಮಾನವಿಡೀ ಕುರಿ ಕಾಯ್ದ ಅವನ ತಾಯಿ ಈರಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದಳು. ಸುಣ್ಣದ ಡಬ್ಬಿ ನೋಡಿದವನೇ ಬಗ್ಗಿ ಕೈಗೆತ್ತಿಕೊಂಡೆ. ಹಿತ್ತಾಳೆಯ ಪುಟ್ಟ ಟ್ರಂಕು, ಒತ್ತಿದರೆ ಟಪ್ಪೆಂದು ತೆರೆಯುವ ಮುಚ್ಚಳ, ಒಳಗೆ ಗಾಜಿನ ಕುಡಿಕೆ. ಅಪ್ಪಟ ಮಸಿಕುಡಿಕೆ. ಅವಳ ಮಾವ ಯಾವುದೋ ಸಂತೆಯಿಂದ ತಂದದ್ದಂತೆ. ಅದರ ಕುಲಗೋತ್ರವನ್ನು ಅರ್ಧ ಗಂಟೆ ವಿವರಿಸಿ, ಇದರಲ್ಲಿ ಸುಣ್ಣ ಇಡುವುದು ಮಹಾಪರಾಧವೆಂದೂ ಬದಲಿಗೆ ಬೆಳ್ಳಿ ಡಬ್ಬಿಯನ್ನೇ ತಂದುಕೊಡುತ್ತೇನೆಂದೂ ಅಂಗಲಾಚಿದೆ. ಬೆಳ್ಳಿ ಬೇಡವಂತೆ. ತಾಳ್ಯಕ್ಕೆ ಕೊಟ್ಟ ಮಗಳಿಗೆ ಮದುವೆಯಲ್ಲಿ ಬಳುವಳಿ ಬಿಟ್ಟ ಕುರಿ ಇನ್ನೂ ಈ ಹಿಂಡಿನಲ್ಲೇ ಇದೆ. ಅದೀಗ ಅವಳಿ ಮರಿ ಹಾಕಿದೆ, ಆ ಸುದ್ದಿ ಮಗಳಿಗೆ ಮುಟ್ಟಬೇಕಂತೆ.

“ಇದರಾಗೆ ಮಸಿ ಹಾಕ್ಕಂಡು ಅವಳಿಗೊಂದು ಕಾಗದ ಬರ್ದು ಕೊಡಪ್ಪ. ಫೋನಿನಾಗೆ ಹೇಳಿದ್ರೆ ಮರ್ತುಬಿಡ್ತಾಳೆ, ಕಾಗದ ಆದ್ರೆ ಇಟ್ಕಂತಾಳೆ. ಆಮ್ಯಾಲೆ ಡಬ್ಬಿ ನೀನೇ ತಗಂಡೋಗು.”

ಇಷ್ಟೇ ತಾನೇ ಎಂದುಕೊಂಡೆ. ಆದರೆ ಮೂವತ್ತೊಂದು ಕುಡಿಕೆಗಳ ಒಡೆಯನ ಮನೆಯಲ್ಲಿ ಒಂದು ತೊಟ್ಟು ಮಸಿ ಇರಲಿಲ್ಲ. ಹಿರಿಯೂರಿನ ಅಂಗಡಿಯವನೊಬ್ಬ ಪ್ರಿಂಟರಿನದು ತೋರಿಸಿದ, ಇನ್ನೊಬ್ಬ ರಬ್ಬರ್ ಸ್ಟಾಂಪಿನದು. ಮೂರನೇ ಅಂಗಡಿಯಲ್ಲಿ ಸಿಕ್ಕ ಶೀಶೆ ಹಿಡಿದು ಮುಂದಿನ ಭಾನುವಾರ ಹರಿಯಬ್ಬೆಗೆ ಹೋಗಿ, ಸುಣ್ಣ ತೊಳೆದು, ಮಸಿ ತುಂಬಿ, ಅದ್ದಿ ಬರೆಯುವ ಪೆನ್ನು ಹಿಡಿದು ಕುಳಿತೆ. ಮನೆಯವರೆಲ್ಲ ಸುತ್ತ ನಿಂತರು. ಮೊಬೈಲು ಒತ್ತಿ ಒತ್ತಿ ಪಳಗಿದ ಬೆರಳು ‘ಚಿರಂಜೀವಿ ಸೌಭಾಗ್ಯವತಿ’ ಎನ್ನುವಷ್ಟರಲ್ಲೇ ಪೆನ್ನನ್ನೂ ಹಾಗೇ ಒತ್ತಿ, ಅರ್ಧ ಹಾಳೆ ಮಸಿಯಾಯಿತು. ಉಳಿದರ್ಧದಲ್ಲಿ ಹೇಗೋ ಗೀಚಿ ಮುಗಿಸಿದೆ. ಮೂವತ್ತು ವರ್ಷ ಮಕ್ಕಳ ಅಕ್ಷರ ನೋಡಿ ಕೋಳಿ ಕೆದರಿದ ಹಾಗಿದೆ ಎಂದು ಬೈದವನು ನಾನು! ಮನೆಯ ಸೊಸೆ ಕಾಗದವನ್ನು ಹಿಂದೆಮುಂದೆ ತಿರುಗಿಸಿ, ಇದರಲ್ಲಿ ಅವಳಿ ಮರಿ ಎಲ್ಲಿವೆ ಎಂದು ಕೇಳಿದಳು. ತೋರಿಸಲು ಹೋದರೆ ನನಗೂ ಸಿಗಲಿಲ್ಲ. ನಿಜ ಹೇಳುತ್ತೇನೆ, ತುಂಬ ನಾಚಿಕೆಯಾಯಿತು.

ಈರಜ್ಜಿ ಕುಡಿಕೆ ತೊಳೆದು, ಮತ್ತೆ ಸುಣ್ಣ ತುಂಬಿದಳು.

“ನಿಂಗೆ ಬರಿಯಾಕೆ ಬರಲ್ಲ, ನಂಗೆ ಎಲೆಅಡಿಕೆ ಹಾಕ್ಕಣಾಕೆ ಬರ್ತೈತೆ. ಇದು ಯಾರತ್ರ ಇರ್ಬೇಕು, ನೀನೇ ಹೇಳಪ್ಪ.”

ಅವಳು ಮಡಿಸಿಕೊಟ್ಟ ಎಲೆ ಅಗಿಯುತ್ತ ಬಸ್ಸು ಹತ್ತಿದೆ. ಮನೆಗೆ ಬಂದೊಡನೆ ಹೆಂಡತಿ, ಎಲ್ಲಿ ಆ ಕುಡಿಕೆ ಎಂದಳು. ಅದು ಅಸಲಿ ಅಲ್ಲ ಕಣೇ, ಎಂದೆ.