ಬಾಣಂತಿ ಕೋಣೆಯೊಳಗೆ ಸರ್ವರ್

ಮನೆಯಲ್ಲಿ ಹಿರಿಯರು ಇಲ್ಲದಿದ್ದರೆ ಒಲೆ ಕೂಡ ನೆಟ್ಟಗೆ ಉರಿಯುವುದಿಲ್ಲ ಎಂದು ನಂಬಿ ಬಾಳಿದವಳು ನಾನು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳ ನಂಬಿಕೆ ಎಂದು ನಗಬೇಡಿ. ಓದಿದವರೂ ಹಾಗೇ ನಂಬಿದ್ದನ್ನು ಕಬ್ಬೂರಿನ ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ಕಿವಿಯಾರೆ ಕೇಳಿದ್ದೇನೆ.

ನನ್ನ ಮಗಳು ಸುನಂದಾ ಚಿಕ್ಕೋಡಿಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಹೆರಿಗೆಗೆ ನನ್ನಲ್ಲಿಗೆ ಬಂದಿದ್ದಳು. ಕೂಸನ್ನು ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ, ಆಗಲೇ ಆಫೀಸಿನಿಂದ ಫೋನು. ಎಲ್ಲ ಕಂಪ್ಯೂಟರುಗಳನ್ನು ಆಳುವ ದೊಡ್ಡ ಸರ್ವರ್ ಕೆಟ್ಟು ಮಲಗಿದೆ, ಆಡಿಟ್‌ನವರು ಬಂದು ಕೂತಿದ್ದಾರೆ, ಅವರ ಪೆನ್‌ಡ್ರೈವನ್ನು ಯಾವ ಕಂಪ್ಯೂಟರೂ ಒಳಗೆ ಬಿಟ್ಟುಕೊಳ್ಳುತ್ತಿಲ್ಲ. ಸರಿಯಾಗದಿದ್ದರೆ ಸಾಹೇಬರು ಮಧ್ಯಾಹ್ನ ಜೀಪು ಕಳಿಸುತ್ತಾರಂತೆ, ಇವಳು ಹೋಗಬೇಕಂತೆ. ಹಸಿ ಬಾಣಂತಿ, ಆ ರಸ್ತೆ, ಆ ಜೀಪು! ಬಂದರೆ ಅದರ ಗಾಲಿಯ ಗಾಳಿ ನಾನೇ ಬಿಡುತ್ತೇನೆ ಎಂದೆ. ಮಗಳು ಕಿವಿಗೆ ಕಟ್ಟಿದ್ದ ಸ್ಕಾರ್ಫ್ ಬಿಚ್ಚಿ, ಫೋನನ್ನು ಸ್ಪೀಕರಿಗೆ ಹಾಕಿ ದಿಂಬಿನ ಮೇಲಿಟ್ಟಳು. ಕೂಸು ನನ್ನ ತೊಡೆಯ ಮೇಲೆ.

ಆ ಕಡೆ ಇದ್ದವನು ಅವಳ ಕೈಕೆಳಗಿನ ಮಹಾದೇವ. ನನಗೆ ತಿಳಿಯದ್ದನ್ನು ಮಗಳು ನಡುನಡುವೆ ಬಿಡಿಸಿ ಹೇಳಿದಳು. ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಕಟ್ಟಳೆಗಳಿವೆ, ಅದಕ್ಕೆ ಗ್ರೂಪ್ ಪಾಲಿಸಿ ಎನ್ನುತ್ತಾರೆ. ಪೆನ್‌ಡ್ರೈವ್ ಬೇಡ ಎಂಬುದೂ ಅದರಲ್ಲೇ. ಅದರ ಪ್ರತಿ ಇನ್ನೊಂದು ಸಣ್ಣ ಸರ್ವರಿನಲ್ಲೂ ಇದೆ. ದೊಡ್ಡದು ಮಲಗಿದರೂ ಆಫೀಸು ನಡೆದಿರುವುದು ಅದರಿಂದಲೇ. ಆದರೆ ಕಟ್ಟಳೆ ತಿದ್ದುವ ಪರದೆ ಮಾತ್ರ ರೂಢಿಯಂತೆ ದೊಡ್ಡದನ್ನೇ ಹುಡುಕಿಕೊಂಡು ಹೋಗುತ್ತದೆ. ಸಿಗದಿದ್ದರೆ, ಮತ್ತೆ ದೊಡ್ಡದನ್ನೇ ಕೇಳಲೋ, ಇದ್ದದ್ದರಲ್ಲಿ ಯಾವುದಾದರೂ ಸಾಕೋ ಎಂದು ನಮ್ಮನ್ನೇ ಕೇಳುತ್ತದೆ. ಮಹಾದೇವ ಬೆಳಗಿನಿಂದ ದೊಡ್ಡದನ್ನೇ ಒತ್ತುತ್ತ ಕೂತಿದ್ದ.

"ಯಾವುದಾದ್ರೂ ಸಾಕು ಅನ್ನೂ ಕಡೀದು ಒತ್ತಾಕ ನಿನಗೇನಾಗೈತೋ?" ಎಂದಳು ಮಗಳು.

"ದೊಡ್ಡದನ್ನ ಬಿಟ್ಟು ಸಣ್ಣದನ್ನ ಹೆಂಗ ಕೇಳೂದ್ರಿ ಅಕ್ಕಾರ? ನಾಳೆ ದೊಡ್ಡದು ಎದ್ದು, ಯಾರ್ನ ಕೇಳಿ ತಿದ್ದಿದ್ರಿ ಅಂದ್ರ?"

ಮರ್ಯಾದೆ ಬಲ್ಲವನು. ನನಗೆ ಅವನ ಮೇಲೆ ಅಭಿಮಾನ ಉಕ್ಕಿತು.

"ಅದು ಹಂಗ ಕೇಳೂದಿಲ್ಲೋ ಮಾರಾಯಾ. ಎದ್ದ ಮ್ಯಾಲ ಸಣ್ಣದರ ಕಡಿಂದ ತಾನ ಇಸ್ಕೊಂತೈತಿ. ಅಲ್ಲೀತನಕಾ ನೀ ಒಬ್ಬನ ತಿದ್ದು, ಇನ್ನೊಬ್ರು ಕೈ ಹಾಕಬಾರದು."

ಒತ್ತಿದ. ಪರದೆ ತೆರೆಯಿತು. ಆಡಿಟ್‌ನವರ ಮುಂದಿನ ಕಂಪ್ಯೂಟರಿಗೆ ಕಟ್ಟಳೆ ಸಡಿಲಾಯಿತು, ಸ್ವಲ್ಪ ಹೊತ್ತಿಗೆ ಪೆನ್‌ಡ್ರೈವ್ ಒಳಗೆ ಹೋಯಿತು. ಜೀಪಿನ ಮಾತು ಅಲ್ಲಿಗೆ ನಿಂತಿತು.

ನಾನು ಬಾಯಿ ತೆರೆದು ಕೂತಿದ್ದೆ. ನಮ್ಮ ಅತ್ತೆ ಭಜನೆ ಮಾಡುತ್ತ ನಡೆದು ಹೋಗುವ ದಿಂಡಿಯ ಜೊತೆ ಪಂಢರಪುರಕ್ಕೆ ಹೋಗುವಾಗ ಸಕ್ಕರೆ ಇಟ್ಟ ಕಪಾಟಿನ ಬೀಗದ ಕೈ ಸೊಂಟಕ್ಕೆ ಸಿಗಿಸಿಕೊಂಡೇ ಹೋಗುತ್ತಿದ್ದಳು. ಅವಳು ಬರುವ ತನಕ ನಮಗೆ ಸಪ್ಪನೆಯ ಚಹಾ. ಇಲ್ಲಿ ನೋಡಿದರೆ ದೊಡ್ಡದು ತನಗೆ ಗೊತ್ತಿದ್ದುದನ್ನೆಲ್ಲ ಮಲಗುವ ಮೊದಲೇ ಸಣ್ಣದಕ್ಕೆ ಕೊಟ್ಟಿಟ್ಟಿದೆ. ಎದ್ದ ಮೇಲೆ ಸಣ್ಣದು ಮಾಡಿದ್ದನ್ನು ತಾನು ಒಪ್ಪುತ್ತದಂತೆ.

"ಅದಕ್ಕ ಸಿಟ್ಟ ಬರೂದಿಲ್ಲೇನ?" ಎಂದು ಕೇಳಿದೆ.

"ಯಂತ್ರ ಐತಿ ಯವ್ವಾ" ಎಂದಳು ಮಗಳು.

ದೇವರಿಗೂ ಬರುವ ಸಿಟ್ಟು ಅದಕ್ಕೆ ಬರುವುದಿಲ್ಲ! ಕೈ ಮುಗಿಯಬೇಕೆನಿಸಿತು. ಕೂಸು ಕೈಯಲ್ಲಿತ್ತು, ಬಿಟ್ಟೆ.

ಅಷ್ಟರಲ್ಲಿ ಸೊಸೆ ಅಡುಗೆಮನೆಯಿಂದ ತಟ್ಟೆ ತಂದಳು. ನಾನು ಏಳುವ ಲಕ್ಷಣ ಕಾಣದ್ದಕ್ಕೆ ಬಾಣಂತಿಯ ಅಂಟಿನ ಉಂಡಿಯನ್ನು ತಾನೇ ಹದ ನೋಡಿ ಕಟ್ಟಿದ್ದಳು. ಈ ಮನೆಯಲ್ಲಿ ನನ್ನನ್ನು ಕೇಳದೆ ಆದ ಮೊದಲ ಉಂಡಿ. ಒಂದು ಬಾಯಿಗಿಟ್ಟೆ. ನನ್ನದಕ್ಕಿಂತ ಚೆನ್ನಾಗಿತ್ತು.

"ಬೆಲ್ಲ ಒಂದೀಟ ಹೆಚ್ಚಾತು" ಎಂದು ಹೇಳಿ ಇನ್ನೊಂದಕ್ಕೆ ಕೈ ಚಾಚಿದೆ.