ಸಾಹೇಬರ ಮೀನಿಗೆ ಜೊತೆಗಾರರು

ಇಲ್ಲ ಎನ್ನಬೇಕಾದ ಕಡೆ ಇಲ್ಲ ಎನ್ನಲು ಬಾರದವನ ಕಷ್ಟಗಳೆಲ್ಲ ‘ಹೂಂ’ ಎಂಬ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ತೂಕ ಅಳತೆ ಕಚೇರಿಯ ಪರೀಕ್ಷಕರಿಗೆ ಆ ಬೆಳಿಗ್ಗೆ ಕಷ್ಟ ಬಂದದ್ದೂ ಹಾಗೆಯೇ. “ನೀವು ಮನೇಲಿ ಮೀನು ಸಾಕಿದ್ರಂತಲ್ಲ?” ಎಂದು ದೊಡ್ಡ ಸಾಹೇಬರು ಕೇಳಿದರು. ಸಾಕಿದ್ದು ಪರೀಕ್ಷಕರ ಅಕ್ಕನ ಮಗಳು. ಇವರು ಒಂದೆರಡು ಸಲ ಆ ಗಾಜಿನ ಬುರುಡೆಗೆ ನೀರು ತುಂಬಿದ್ದರು, ಅಷ್ಟೇ. ಆದರೂ ಹೂಂ ಎಂದರು.

ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿ ಕೊಡುವುದು ಆ ಕಚೇರಿಯ ಕೆಲಸ. ಪರೀಕ್ಷಕರು ಆಳು ದೊಡ್ಡವರು, ದನಿ ಸಣ್ಣದು. ಯಾರು ಕಾಲು ತುಳಿದರೂ ‘ಇರಲಿ ಬಿಡಿ’ ಎನ್ನುತ್ತಿದ್ದುದರಿಂದ ಅವರಿಗೆ ಇರಲಿಬಿಡಿ ಎಂದೇ ಹೆಸರು ಬಿದ್ದಿತ್ತು. ಅವರ ಕೋಣೆಯಲ್ಲೇ ಕೂರುತ್ತಿದ್ದ, ಮುದ್ರೆ ಒತ್ತುವವರ ಹೆಸರು ಸಿಡಿಮಿಡಿ. ಕಿಟಕಿ ತೆರೆದರೆ ಅವರಿಗೆ ಧೂಳು, ಮುಚ್ಚಿದರೆ ಸೆಕೆ. ಅವರ ಛತ್ರಿ, ಊಟದ ಡಬ್ಬಿ, ಮುದ್ರೆಗಳ ಪೆಟ್ಟಿಗೆ ಎಲ್ಲವೂ ವರ್ಷದಿಂದ ವರ್ಷಕ್ಕೆ ಸರಿಯುತ್ತ ಬಂದು ಇರಲಿಬಿಡಿಯವರ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿದ್ದವು.

ಈಗ ಹಿಂಬದಿಯ ಸಣ್ಣ ಕೋಣೆ ಖಾಲಿಯಾಗಿತ್ತು. ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ. ಇರಲಿಬಿಡಿಯವರು ಹುಟ್ಟಿದಾಗಿನಿಂದ ಮೊದಲ ಸಲ ಬಾಯಿಬಿಟ್ಟು ಏನನ್ನೋ ಕೇಳಿದ್ದರೆ ಅದು ಈ ಕೋಣೆಯನ್ನು. ಸಂಜೆ ಹೇಳುತ್ತೇನೆ ಎಂದಿದ್ದ ಸಾಹೇಬರು ಅದರ ಬೆನ್ನಿಗೇ ಮೀನಿನ ಮಾತು ತೆಗೆದದ್ದರಿಂದ, ಎರಡಕ್ಕೂ ಸಂಬಂಧವಿದೆ ಎಂದು ಇವರಿಗೆ ಅನ್ನಿಸಿಬಿಟ್ಟಿತು.

ಆ ಮೀನುಗಳನ್ನು ಸಾಹೇಬರ ಹೆಂಡತಿ ಮನೆಯಿಂದ ಆಚೆ ಕಳಿಸಿದ್ದರು. ದಕ್ಷಿಣ ಅಮೆರಿಕದ ನದಿಗಳಿಂದ ಬಂದ ಸೆವೆರಮ್ ಎಂಬ ಜಾತಿ. ಅಂಗೈಗಿಂತ ಅಗಲ, ಮಾಸಿದ ಬಂಗಾರದ ಬಣ್ಣ, ಯಾರನ್ನೂ ನೋಯಿಸದ ಕಣ್ಣು. ಮಂಚದುದ್ದದ ಆ ಗಾಜಿನ ತೊಟ್ಟಿಯನ್ನು ಇಟ್ಟುಕೊಳ್ಳಲು ಬೇರೆ ಯಾರೂ ಒಪ್ಪದೆ, ಅದು ಕೊನೆಗೆ ಇರಲಿಬಿಡಿಯವರ ಬೆನ್ನ ಹಿಂದೆ ಬಂದು ನಿಂತಿತ್ತು.

“ಎರಡೇ ಇದಾವೆ ನೋಡಿ, ಮಂಕಾಗಿಬಿಟ್ಟಿವೆ. ಹೊಂದಿಕೊಂಡು ಹೋಗೋಂಥ ಜೊತೆ ಹುಡುಕಿ ಹಾಕಿ. ನಾನು ಮಾರುಕಟ್ಟೆ ತಪಾಸಣೆ ಮುಗಿಸಿ ಸಂಜೆ ಬರ್ತೀನಿ,” ಎಂದು ಸಾಹೇಬರು ಹೊರಟರು.

ಇರಲಿಬಿಡಿಯವರು ಯೋಚಿಸಲು ಕೂರುವಷ್ಟರಲ್ಲಿ ಖಜಾಂಚಿ ಮೇಡಂ ಬಣ್ಣದ ಮೀನುಗಳ ಅಂಗಡಿಗೆ ಹೋಗಿ ಬಂದೂ ಆಗಿತ್ತು. ಅವರ ಕೈಯಲ್ಲಿ ಒಂದು ನೀರಿನ ಚೀಲ, ಅದರಲ್ಲಿ ನೀಲಿ ಕೆಂಪು ಗೆರೆಯ ಪುಟ್ಟ ಮೀನುಗಳು, ಒಂದೊಂದೂ ಉಗುರಿನುದ್ದ. ನೋಡೋಕೆ ಚೆಂದ, ಪಾಪದವು, ಯಾರ ಗೊಡವೆಗೂ ಹೋಗಲ್ಲ ಎಂದು ಅವರು ಹೊಗಳಿದರು. ತೂಕದ ಕಚೇರಿಯ ಜನಕ್ಕೆ ತೂಕ ಹಾಕದೆ ಯಾವ ಮಾತೂ ಮನಸ್ಸಿಗೆ ಇಳಿಯುವುದಿಲ್ಲ. ಇರಲಿಬಿಡಿಯವರು ತಕ್ಕಡಿಯ ತಟ್ಟೆಯ ಮೇಲೆ ನೀರಿನ ಬೋಗುಣಿ ಇಟ್ಟು, ಮುಳ್ಳನ್ನು ನಡುವೆ ನಿಲ್ಲಿಸಿ, ಮೀನುಗಳನ್ನು ಬಲೆಯಲ್ಲಿ ಎತ್ತಿ ಬಿಟ್ಟರು. ಮುಳ್ಳು ಅಲುಗಿತೋ ಇಲ್ಲವೋ ಎಂಬಷ್ಟು. ಇಷ್ಟು ಹಗುರವಾದದ್ದು ಅಷ್ಟು ಭಾರವಾದದ್ದಕ್ಕೆ ಏನು ತೊಂದರೆ ಕೊಟ್ಟೀತು ಎಂದು ಎಲ್ಲರೂ ಒಪ್ಪಿ, ಅವನ್ನು ತೊಟ್ಟಿಗೆ ಬಿಟ್ಟರು.

ತೊಂದರೆ ಕೊಡಲಿಲ್ಲ ಎಂಬುದು ನಿಜ. ಹೊರಗಿನ ಹಾಲಿನಲ್ಲಿ ಐವರು ಸಹಾಯಕರಿದ್ದರು. ಒಬ್ಬ ಎದ್ದರೆ ಐವರೂ ಏಳುವರು, ಒಬ್ಬ ನಕ್ಕರೆ ಐವರೂ ನಗುವರು. ಅವರು ಚಹಾ ಮುಗಿಸಿ ಹೊಸ ಮೀನು ನೋಡಲು ಒಟ್ಟಾಗಿ ಬಂದಾಗ ತೊಟ್ಟಿಯಲ್ಲಿ ಎರಡೇ ಮೀನಿದ್ದವು. ದೊಡ್ಡದೊಂದರ ತುಟಿಯಲ್ಲಿ ನೀಲಿ ಗೆರೆಯ ಬಾಲವೊಂದು ಇನ್ನೂ ಕಾಣುತ್ತಿತ್ತು. ಮುಖದಲ್ಲಿ ಮಾತ್ರ ಅದೇ ಸಾಧು ಭಾವ. ಖಜಾಂಚಿ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, ನಿಮ್ಮನ್ನು ನಂಬಿ ತಂದೆನಲ್ಲ ಎಂದು ಇರಲಿಬಿಡಿಯವರನ್ನೇ ಬೈದರು. ಶಾಂತ ಸ್ವಭಾವಕ್ಕೂ ಹೊಟ್ಟೆ ಹಸಿವಿಗೂ ಸಂಬಂಧವಿಲ್ಲ ಎಂಬುದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ತೂಕ ಸಮ ಇರಬೇಕು ಕಣ್ರೀ, ಅಷ್ಟೂ ಗೊತ್ತಾಗಲ್ವಾ?” ಎಂದರು ಸಿಡಿಮಿಡಿ. ಅವರ ಮನೆಯಲ್ಲಿ ಒಂದು ಕೆಂಪು ಮೀನಿತ್ತು. ಜೊತೆಗೆ ಬಿಟ್ಟ ಯಾವುದನ್ನೂ ಅದು ಉಳಿಸಿರಲಿಲ್ಲ ಎಂಬ ಸಣ್ಣ ವಿಷಯವನ್ನು ಅವರು ಹೇಳಲಿಲ್ಲ. ಊಟದ ಬಿಡುವಿನಲ್ಲಿ ಹೋಗಿ ಬಕೆಟ್ಟಿನಲ್ಲಿ ತಂದರು. ಒಂದು ತಟ್ಟೆಯಲ್ಲಿ ಕೆಂಪು ಮೀನು, ಇನ್ನೊಂದರಲ್ಲಿ ಬಂಗಾರದ ಮೀನು. ಮುಳ್ಳು ನಡುವೆ ಬಂದು ನಿಂತಿತು. ಇಷ್ಟು ಸರಿಯಾದ ತೂಕ ಆ ಕಚೇರಿಯಲ್ಲಿ ಎಷ್ಟೋ ದಿನದಿಂದ ಬಂದಿರಲಿಲ್ಲ.

ಕೆಂಪು ಮೀನು ತೊಟ್ಟಿಗೆ ಇಳಿದದ್ದೇ ತಡ, ಗಾಳಿಗುಳ್ಳೆ ಬರುವ ಮೂಲೆ ತನ್ನದು ಎಂದಿತು. ಆಮೇಲೆ ನಡುಭಾಗವೂ ತನ್ನದು ಎಂದಿತು. ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಮೀನುಗಳೆರಡೂ ಒಂದು ಕಲ್ಲಿನ ಹಿಂದೆ, ತಮ್ಮ ಅಗಲವನ್ನು ಹೇಗೆ ಕಡಿಮೆ ಮಾಡಿಕೊಳ್ಳುವುದೆಂದು ತಿಳಿಯದೆ, ಒಂದಕ್ಕೊಂದು ಅಂಟಿಕೊಂಡು ನಿಂತವು. ಒಂದರ ರೆಕ್ಕೆ ಹರಿದಿತ್ತು. ಸಿಡಿಮಿಡಿಯವರು ಅಭಿಮಾನದಿಂದ, ಚುರುಕಾಗಿದೆ ನೋಡಿ ಎಂದರು. ಇರಲಿಬಿಡಿಯವರು ತಮ್ಮ ಅರ್ಧ ಮೇಜನ್ನೊಮ್ಮೆ, ತೊಟ್ಟಿಯನ್ನೊಮ್ಮೆ ನೋಡಿದರು. ಅವರಿಗೆ ನಗು ಬರಲಿಲ್ಲ. ಛತ್ರಿಯೂ ಇಲ್ಲದೆ ಬಿಸಿಲಿಗೆ ಇಳಿದು ಬಣ್ಣದ ಮೀನುಗಳ ಅಂಗಡಿಯತ್ತ ನಡೆದರು.

ಅಂಗಡಿಯಾಕೆ ಎಲ್ಲವನ್ನೂ ಕೇಳಿ, “ತೂಕ ಹಾಕಿದ್ರಾ?” ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

“ಅಣ್ಣ, ಮೊದಲು ಬಾಯಿ ನೋಡ್ಬೇಕು. ಆ ಬಾಯಲ್ಲಿ ಹಿಡಿಯೋದೆಲ್ಲ ಅದಕ್ಕೆ ಊಟ, ಜೊತೆ ಅಲ್ಲ. ಆಮೇಲೆ ಗುಣ ನೋಡ್ಬೇಕು. ನಿಮ್ಮದು ದೊಡ್ಡ ಮೀನು, ಆದ್ರೆ ಜಗಳ ಆಡೋಕೆ ಬರಲ್ಲ. ಜಗಳಗಂಟನ ಜೊತೆ ಬಿಟ್ರೆ ಅದು ತಿರುಗಿ ಬೀಳಲ್ಲ. ಮೂಲೇಲಿ ನಿಂತ್ಕೊಂಡು, ಊಟ ಬಿಟ್ಟು, ಬಣ್ಣ ಕಳ್ಕೊಂಡು ಸೊರಗುತ್ತೆ. ನೋಡೋರಿಗೆ ಹೊಂದಿಕೊಂಡಿದೆ ಅಂತಾನೇ ಕಾಣುತ್ತೆ.”

ಇಷ್ಟು ವರ್ಷ ಇರಲಿಬಿಡಿಯವರ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಅವರು, ಹಾಗಾದರೆ ಆ ಜಗಳಗಂಟನನ್ನು ಏನು ಮಾಡುವುದು ಎಂದು ಕೇಳಿದರು.

“ಒಂಟಿಯಾಗಿ ಇಡಿ. ಅದೂ ಸುಖವಾಗಿರುತ್ತೆ, ಬೇರೆಯವೂ ಸುಖವಾಗಿರ್ತವೆ.”

ಆಕೆ ಕೊಟ್ಟದ್ದು ತಟ್ಟೆಯಂತೆ ದುಂಡಗಿನ ಐದು ಬೆಳ್ಳಿ ಮೀನುಗಳನ್ನು. ಬಾಯಿಗೆ ಹಿಡಿಯದಷ್ಟು ದೊಡ್ಡವು, ಕಚ್ಚಾಡದವು. ಒಂಟಿಯಾದರೆ ಹೆದರುತ್ತವೆ, ಗುಂಪಿದ್ದರೆ ನೆಮ್ಮದಿ. ಇರಲಿಬಿಡಿಯವರು ಆಕೆ ಹೇಳಿದಂತೆ ಚೀಲವನ್ನು ಮೊದಲು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಬಿಸಿ ತಂಪು ಸಮವಾದ ಮೇಲೆ ಚೀಲದ ಬಾಯಿ ಬಿಚ್ಚಿದರು. ಕೆಂಪು ಮೀನನ್ನು ಹಿಡಿಯಲು ಹೋಗಿ ಮೊಣಕೈವರೆಗೆ ನೆನೆದು, ಹೆಬ್ಬೆರಳು ಕಚ್ಚಿಸಿಕೊಂಡು, ಅದನ್ನು ಬಕೆಟ್ಟಿನಲ್ಲಿ ಒಯ್ದು ಖಾಲಿ ಕೋಣೆಯಲ್ಲಿ ಇಟ್ಟುಬಂದರು. ಸಿಡಿಮಿಡಿಯವರು ನನ್ನ ಮೀನಿಗೆ ಅವಮಾನವಾಯಿತೆಂದು ಕೂಗಾಡಿದರು. ಇರಲಿಬಿಡಿಯವರು ಅವತ್ತು ಇರಲಿ ಬಿಡಿ ಎನ್ನಲಿಲ್ಲ.

ಸಂಜೆ ಸಾಹೇಬರು ಬಂದಾಗ ಬೆಳ್ಳಿ ಮೀನುಗಳು ಒಟ್ಟಾಗಿ ಸುತ್ತು ಹೊಡೆಯುತ್ತಿದ್ದವು. ದೊಡ್ಡ ಮೀನುಗಳು ಕಲ್ಲಿನ ಮರೆಯಿಂದ ಹೊರಬಂದು ಅವುಗಳ ನಡುವೆ ನಿಂತಿದ್ದವು. ಸಾಹೇಬರು ಗಾಜಿಗೆ ಮೂಗು ತಾಗಿಸಿ, ಇದನ್ನು ಹೇಗೆ ಸಾಧಿಸಿದಿರಿ ಎಂದು ಕೇಳಿದರು. ಇಂಥ ಸಮಯ ಮತ್ತೆ ಬಾರದು ಎಂದುಕೊಂಡ ಇರಲಿಬಿಡಿಯವರು ಬಾಯಿ ತೆರೆದರು. ಗುಣಕ್ಕೆ ಗುಣ ಸೇರಬೇಕು, ಜಗಳಗಂಟರನ್ನು ಸಾಧುಗಳ ಜೊತೆ ಇಡುವುದು ಪಾಪ, ಎಷ್ಟು ವರ್ಷ ಜೊತೆಗಿಟ್ಟರೂ ಅದು ಹೊಂದಾಣಿಕೆಯಲ್ಲ, ಬೇರೆ ಬೇರೆ ಮಾಡುವುದೇ ದಾರಿ ಎಂದರು. ಹೇಳುತ್ತ ಹೇಳುತ್ತ ಸಿಡಿಮಿಡಿಯವರ ಛತ್ರಿಯ ಕಡೆ ಒಮ್ಮೆ ಕಣ್ಣು ಹಾಯಿಸಿದ್ದೂ ಉಂಟು.

ಸಾಹೇಬರು ಅವರ ಹೆಗಲ ಮೇಲೆ ಕೈಯಿಟ್ಟರು.

“ಅರ್ಥ ಆಯ್ತು. ಇಷ್ಟು ದಿನ ನಂಗೆ ಹೊಳೀಲೇ ಇಲ್ಲ ನೋಡಿ. ಸಣ್ಣ ಕೋಣೆ ಸಿಡಿಮಿಡಿಯವರಿಗೇ ಇರಲಿ. ಒಂಟಿಯಾಗಿದ್ರೇನೆ ಅವರಿಗೂ ಸುಖ, ನಮಗೂ ಸುಖ. ಆ ಐದು ಜನ ಸಹಾಯಕರು ಹಾಲಿನಲ್ಲಿ ಜಾಗ ಇಲ್ಲ ಅಂತಿದ್ರು, ಅವರನ್ನ ನಿಮ್ಮ ಜೊತೆ ಹಾಕ್ತೀನಿ. ಗುಂಪು ಒಡೆಯೋದು ಬೇಡ. ಏನಾದ್ರೂ ಹೇಳೋದಿದ್ಯಾ?”

ನಾನು ಮೀನಲ್ಲ ಸಾರ್ ಎಂಬ ಮಾತು ಇರಲಿಬಿಡಿಯವರ ನಾಲಿಗೆಯ ತುದಿಯವರೆಗೂ ಬಂತು.

“ಇರಲಿ ಬಿಡಿ ಸಾರ್,” ಎಂದರು.

ಸಿಡಿಮಿಡಿಯವರು ಛತ್ರಿ, ಡಬ್ಬಿ, ಪೆಟ್ಟಿಗೆ ಎತ್ತಿಕೊಂಡು ತಮ್ಮ ಕೆಂಪು ಮೀನಿನ ಬಳಿಗೆ ಹೋದರು. ತೆರವಾದ ಅರ್ಧ ಮೇಜಿನ ಮೇಲೆ ಐದು ಊಟದ ಡಬ್ಬಿಗಳು ಬಂದು ಕೂತವು. ಐವರೂ ಒಟ್ಟಿಗೆ ಕಿಟಕಿ ತೆರೆದರು, ಒಟ್ಟಿಗೆ ಮಾತಿಗೆ ತೊಡಗಿದರು, ಒಟ್ಟಿಗೆ ನಕ್ಕರು. ಗಾಜಿನ ಹಿಂದೆ ದೊಡ್ಡ ಮೀನು ಬಾಯಿ ತೆರೆದು, ಏನನ್ನೂ ಹೇಳದೆ ಮುಚ್ಚಿಕೊಂಡಿತು. ಅಷ್ಟರಲ್ಲಿ ಸಣ್ಣ ಕೋಣೆಯ ಕಡೆಯಿಂದ ಯಾರೋ ಗೋಡೆ ಗುದ್ದಿದ ಸದ್ದಾಯಿತು. ಗಲಾಟೆ ಮಾಡಿದರೆ ನೆಟ್ಟಗಿರಲ್ಲ ಎಂದು ಸಿಡಿಮಿಡಿಯವರು ಅಲ್ಲಿಂದಲೇ ಬೈಯುತ್ತಿದ್ದರು, ಇರಲಿಬಿಡಿಯವರ ಹೆಸರು ಹಿಡಿದು.