ಸಪ್ಪಳವೇ ಸಿಂಪರಣೆ

ಹೊಲದಲ್ಲಿ ಔಷಧ ಬಿದ್ದಿದೆಯೇ ಇಲ್ಲವೇ ಎಂಬುದನ್ನು ಕಿವಿಯಿಂದಲೇ ತಿಳಿಯತಕ್ಕದ್ದು ಎಂಬುದು ಅಫಜಲಪುರದ ತೊಗರಿ ರಕ್ಷಣಾ ಸಮಿತಿಯ ಪದ್ಧತಿ. ಗುಡುಗುಡು ಎನ್ನುವ ಪೆಟ್ರೋಲ್ ಎಂಜಿನ್ನಿನ ಪಂಪು ಬೆನ್ನಿಗೆ ಹೊತ್ತು ಸಿಂಪಡಿಸುತ್ತಿದ್ದ ಕಾಲದಿಂದಲೂ ಮೇಲ್ವಿಚಾರಕ ಜಗದೇವಪ್ಪನವರು ರಸ್ತೆ ಬದಿಯ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಸಪ್ಪಳ ಕೇಳಿಸಿದರೆ ‘ಸಿಂಪರಣೆ ಆಯಿತು’ ಎಂದು ಬರೆಯುತ್ತಾರೆ. ಎರೆಮಣ್ಣಿಗೆ ಇಳಿದರೆ ಬೂಟು ಕೆಡುತ್ತದೆ. ಬೂಟು ಸರ್ಕಾರದ್ದಲ್ಲ, ಸ್ವಂತದ್ದು.

ಈ ವರ್ಷ ಸಮಿತಿಗೆ ಡ್ರೋನ್ ಬಂತು. ಹಾರಿಸುವ ಕೆಲಸ ತರಬೇತಿ ಪಡೆದ ಶಾಂಭವಿಯದು. ಅದರ ಉದ್ದನೆಯ, ತುದಿ ಬಾಗಿದ ರೆಕ್ಕೆಗಳು ನಿಧಾನವಾಗಿ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತಿದ್ದವು, ಹಾಗಾಗಿ ಸದ್ದು ಕಡಿಮೆ. ಹುಳ ಬಿದ್ದಿದ್ದ ಮಾಣಿಕಮ್ಮನ ತೊಗರಿಯಲ್ಲಿ ಅದು ನಾಲ್ಕು ಸಾಲು ತೋಯಿಸಿ ಬಂತು. ಬೇವಿನ ಮರದವರೆಗೆ ಏನೂ ಕೇಳಿಸಲಿಲ್ಲ.

“ಹೊಡ್ದೀನ್ರಿ ಸಾಹೇಬ್ರ. ಎಲಿ ಮುಟ್ಟಿ ನೋಡ್ರಿ, ಇನ್ನಾ ಹಸಿ ಅದ,” ಎಂದಳು ಶಾಂಭವಿ.

“ಎಲಿ ಮುಟ್ಟಂತ ನಿಯಮದಾಗ ಎಲ್ಲಿ ಅದ ಯವ್ವಾ? ನನಗ ಕೇಳಿಸಿಲ್ಲ. ಅಂದ್ರ ನೀ ಹೊಡ್ದಿಲ್ಲ.”

ಮೊದಲ ಟ್ಯಾಂಕು ಸಾಬೀತಾಗದೆ ಎರಡನೆಯದಕ್ಕೆ ಔಷಧ ಕೊಡುವಂತಿಲ್ಲ. ಸಮಿತಿ ತುರ್ತಾಗಿ ಸಭೆ ಸೇರಿ ಪ್ರಕಟಣೆ ಹೊರಡಿಸಿತು: “ಸದ್ದಿಲ್ಲದೆ ಹಾರುವುದು ಸಾರ್ವಜನಿಕ ಆಸ್ತಿಯ ಸಂಶಯಾಸ್ಪದ ಬಳಕೆ. ಬೇವಿನ ಮರದವರೆಗೆ ಕೇಳಿಸುವಂಥ ಗಿಡ್ಡ ರೆಕ್ಕೆಗಳನ್ನು ಕೂಡಲೇ ಅಳವಡಿಸತಕ್ಕದ್ದು; ಅಳವಡಿಸಿದ ಮೇಲೆ ಔಷಧ ಕೊಡಲಾಗುವುದು.” ಅಂಥ ರೆಕ್ಕೆ ಮಾರುವ ಅಂಗಡಿ ಜಗದೇವಪ್ಪನವರ ಅಳಿಯನದು. ಇದು ಕೇವಲ ಆಕಸ್ಮಿಕ ಎಂದು ಅದೇ ಸಭೆಯಲ್ಲಿ ಠರಾವು ಪಾಸಾಯಿತು.

ಅದೇ ಭಾರ ಎತ್ತಲು ಗಿಡ್ಡ ರೆಕ್ಕೆಗಳು ಹುಚ್ಚು ವೇಗದಲ್ಲಿ ತಿರುಗಬೇಕಾಯಿತು. ಚೀರಾಟ ಬೇವಿನ ಮರ ದಾಟಿ ಊರಿಗೇ ಕೇಳಿಸಿತು. ಜಗದೇವಪ್ಪನವರು ತಲೆದೂಗಿದರು. ಅಷ್ಟರಲ್ಲಿ ನಡುಗಿ ನಡುಗಿ ರೆಕ್ಕೆಯ ಬುಡ ಸೀಳಿತು, ಡ್ರೋನ್ ನೆಲಕ್ಕೆ ಬಿತ್ತು, ಟ್ಯಾಂಕಿನ ಔಷಧವೆಲ್ಲ ಒಂದೇ ಗಿಡಕ್ಕೆ ಸುರಿಯಿತು. ‘ಸಿಂಪರಣೆ ಅತ್ಯುತ್ತಮ’ ಎಂದು ದಾಖಲಾಯಿತು. ಮತ್ತೆ ಹೊಸ ರೆಕ್ಕೆ, ಮತ್ತೆ ಸೀಳು, ಮತ್ತೆ ಅತ್ಯುತ್ತಮ. ಕೊನೆಗೆ ಅಳಿಯನ ಅಂಗಡಿ ಖಾಲಿಯಾಯಿತು.

“ನನ್ನ ತೊಗರಿ ಹುಳ ತಿನ್ನಾಕತ್ತಾವ್ರಿ ಸಾಹೇಬ್ರ,” ಎಂದಳು ಮಾಣಿಕಮ್ಮ.

“ಗೊತ್ತದ ಯವ್ವಾ. ರೆಕ್ಕಿ ಬಾಳಿಕಿ ಬರವಲ್ವು. ಅದಕ್ಕೂ ಉಪಾಯ ಮಾಡೀವಿ.”

ಉಪಾಯ ಸರಳವಾಗಿತ್ತು. ರೆಕ್ಕೆ ಬಿಚ್ಚಿ, ಡ್ರೋನನ್ನು ಆಟೋದ ಮೇಲೆ ಕಟ್ಟಿ, ಪಕ್ಕದಲ್ಲಿ ಧ್ವನಿವರ್ಧಕ ಇಟ್ಟು, ಗಿಡ್ಡ ರೆಕ್ಕೆಯ ಚೀರಾಟದ ರೆಕಾರ್ಡು ಹಾಕಲಾಯಿತು. ಅಂದಿನಿಂದ ಒಂದು ರೆಕ್ಕೆಯೂ ಮುರಿದಿಲ್ಲ.

ಆಟೋ ಚೀರುತ್ತ ಸುತ್ತುತ್ತಿದ್ದಾಗ ಮಾಣಿಕಮ್ಮ ಮತ್ತು ಶಾಂಭವಿ ಹಳೆಯ ರೂಢಿಯಂತೆ ಸಾಲಿನ ನಡುವೆ ಚಾದರ ಹಾಸಿ ಗಿಡ ಅಲುಗಿಸಿದರು. ಹುಳ ಪಟಪಟ ಉದುರಿದವು.

“ಕಡಿಮಿ ಆದವೇನು?” ಜಗದೇವಪ್ಪನವರು ಕುರ್ಚಿಯಿಂದಲೇ ಕೇಳಿದರು.

“ಆದವ್ರಿ.”

ಸಪ್ಪಳಕ್ಕೆ ಹುಳ ಉದುರುವುದು ಹೀಗೆ ಸಾಬೀತಾಯಿತು. ಆಳಂದ, ಜೇವರ್ಗಿ ತಾಲ್ಲೂಕುಗಳಿಗೂ ಧ್ವನಿವರ್ಧಕಗಳು ಹೋದವು. ಜೊತೆಗೊಂದು ನಿಯಮ: ಸಪ್ಪಳ ಆರಂಭವಾಗುವ ಮುನ್ನ ಯಾರೂ ಗಿಡ ಅಲುಗಿಸುವಂತಿಲ್ಲ.

ಮರುದಿನ ಮಾಣಿಕಮ್ಮ ಚಾದರ ಹಾಸಿಕೊಂಡು ಸುಮ್ಮನೆ ಕುಳಿತಿದ್ದಳು.

“ಯಾಕ ಕುಂತಿ ಆಯಿ?” ಎಂದಳು ಶಾಂಭವಿ.

“ಸ್ಪೀಕರಿನ ಬ್ಯಾಟರಿ ಚಾರ್ಜಿಗೆ ಹೋಗ್ಯಾದಂತ. ಸಪ್ಪಳ ಬರ್ಲಿ ತಡಿ ಬೇ. ಅದರಕಿಂತ ಮೊದಲ ಬಿದ್ದ ಹುಳ ಬಿದ್ದಂಗಲ್ಲಂತ.”

ಶಾಂಭವಿಯೂ ಕುಳಿತಳು. ಹುಳಗಳು ಕಾಯಿ ಕೊರೆಯುತ್ತಿದ್ದವು. ಬೇವಿನ ಮರದವರೆಗೆ ಏನೂ ಕೇಳಿಸದ ಕಾರಣ ಜಗದೇವಪ್ಪನವರು ‘ಬೆಳೆ ಹಾನಿ ಇಲ್ಲ’ ಎಂದು ಬರೆದರು.